ಪದಚರ್ಚೆ: ‘ಅಕ್ರಮ ವಲಸೆ ಕಾರ್ಮಿಕ’ – ಇಲ್ಲಿ ಅಕ್ರಮ ಯಾವುದು?

ಅಮೆರಿಕದ ಕನಿಷ್ಠ ಕೂಲಿ ಕಾನೂನಿನ ಬಗ್ಗೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಓದುಗರಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ‘ಅಕ್ರಮ ವಲಸೆ ಕಾರ್ಮಿಕರಿಗೂ ಕನಿಷ್ಠ ಕೂಲಿ ಕೊಡಲೇಬೇಕು’ ಅನ್ನುವ ವಾಕ್ಯವನ್ನು ಗೆಳೆಯರಿಗೆ ತೋರಿಸಿದೆ. ಎಲ್ಲರದ್ದೂ ಒಂದೇ ಪ್ರಶ್ನೆ: ಅಕ್ರಮ ಅಂತ ನೀವೇ ಬರೆದಿದ್ದೀರಿ, ಮತ್ತೆ ಕಾನೂನು ಅವರಿಗೆ ಕೂಲಿ ಯಾಕೆ ಕೊಡಿಸಬೇಕು? ಕೇಳುವುದು ಸಹಜ ಅಲ್ವಾ. ‘ಅಕ್ರಮ’ ಅನ್ನುವುದು ಆ ಮನುಷ್ಯನಿಗೂ ಅವನ ದುಡಿಮೆಗೂ ಒಟ್ಟಿಗೇ ಅಂಟಿಬಿಡುತ್ತದೆ.

ಅಲ್ಲಿನ ಕಾನೂನು ಹಾಗೆ ಅಂಟಿಸುವುದಿಲ್ಲ. 1938ರ ಕೂಲಿ ಕಾನೂನಿನಲ್ಲಿ ಕೆಲಸಗಾರ ಅಂದರೆ ಧಣಿ ಕೆಲಸಕ್ಕೆ ಇಟ್ಟುಕೊಂಡ ಯಾವುದೇ ವ್ಯಕ್ತಿ. ಪಾಸ್‌ಪೋರ್ಟಿನ ಮಾತೇ ಅಲ್ಲಿಲ್ಲ. 1986ರಲ್ಲಿ ಬಂದ ಇನ್ನೊಂದು ಕಾನೂನು, ಅನುಮತಿ ಇಲ್ಲದವರನ್ನು ಗೊತ್ತಿದ್ದೂ ಕೆಲಸಕ್ಕೆ ಇಟ್ಟುಕೊಳ್ಳುವುದೇ ತಪ್ಪು ಅಂತ ಧಣಿಯ ಮೇಲೆ ಹೊಣೆ ಹಾಕಿತು. 2002ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹಾಫ್‌ಮನ್ ಪ್ಲಾಸ್ಟಿಕ್ ಅನ್ನುವ ಕಂಪನಿಯ ಪ್ರಕರಣದಲ್ಲಿ, ಕಾರ್ಮಿಕ ಸಂಘ ಕಟ್ಟಲು ಹೋಗಿ ಕೆಲಸ ಕಳೆದುಕೊಂಡ ಇಂಥ ಒಬ್ಬರಿಗೆ ಕೆಲಸ ಹೋದ ಮೇಲೆ ಮನೆಯಲ್ಲಿದ್ದ ಅವಧಿಯ ಸಂಬಳ ಸಿಗುವುದಿಲ್ಲ ಅಂದಿತು. ಆದರೆ ಮಾಡಿ ಮುಗಿಸಿದ ಕೆಲಸದ ಕೂಲಿ ಕೊಡಲೇಬೇಕು ಅನ್ನುವ ನಿಲುವನ್ನು ಕಾರ್ಮಿಕ ಇಲಾಖೆ ಬಿಡಲಿಲ್ಲ. ದೇಶದ ಮಟ್ಟದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್. ಅದೂ ಕೈಗೆ ಬರದಿದ್ದರೆ ದೂರು ಕೊಡಬಹುದು. ಆದರೆ ಗಡೀಪಾರಿನ ಹೆದರಿಕೆ ಇದ್ದವರು ದೂರು ಕೊಡುತ್ತಾರಾ? ಧಣಿಗಳಿಗೆ ಇದು ಚೆನ್ನಾಗಿ ಗೊತ್ತು. ಅವರಿಗೆ ಕಡಿಮೆ ಕೊಟ್ಟು ಅಭ್ಯಾಸವಾದ ಮೇಲೆ ಪಕ್ಕದಲ್ಲೇ ದುಡಿಯುವ ಆ ದೇಶದ ಪ್ರಜೆಯ ಕೂಲಿಯೂ ಇಳಿಯಬಹುದು.

ಹಾಗಾದರೆ ಏನು ಬರೆಯಬೇಕು? ‘ನುಸುಳುಕೋರ’ ಬೇಡವೇ ಬೇಡ, ಅದು ಬೈಗುಳ. ಅಲ್ಲಿ ವೀಸಾದಲ್ಲಿ ಬಂದು ಅವಧಿ ಮುಗಿದ ಮೇಲೂ ಉಳಿದವರು ಬೇಕಾದಷ್ಟಿದ್ದಾರೆ. ಅವರು ಎಲ್ಲಿಯೂ ನುಸುಳಿಲ್ಲ. ‘ದಾಖಲೆರಹಿತ’ ಸರಿ, ಆದರೆ ಸರ್ಕಾರಿ ಕಾಗದದ ವಾಸನೆ ಜಾಸ್ತಿ. ಮಲಯಾಳದಲ್ಲಿ ದಾಖಲೆಗೆ ‘ರೇಖ’ ಅನ್ನುತ್ತಾರೆ, ಹಾಗಾಗಿ ‘ರೇಖೆ ಇಲ್ಲದವರು’ ಅಂದರೆ ಕಾಸರಗೋಡಿನವರಿಗೆ ಅರ್ಥವಾದೀತು. ಧಾರವಾಡದವರು ಗೆರೆ ಅಂದುಕೊಳ್ಳುತ್ತಾರೆ. ಗಲ್ಫಿಗೆ ಹೋಗಿ ಬಂದವರ ಬಾಯಲ್ಲಿ ಇನ್ನೊಂದು ಪದ ಇದೆ: ‘ಖಲ್ಲಿವಲ್ಲಿ’. ಅರಬ್ಬಿಯಲ್ಲಿ ‘ಬಿಟ್ಟುಬಿಡು, ಹೋಗಲಿ’ ಅನ್ನುವಂಥ ಮಾತು. ಅದೇ ಕಾಗದಪತ್ರ ಇಲ್ಲದೆ ಕದ್ದು ದುಡಿಯುವವನ ಹೆಸರಾಗಿಬಿಟ್ಟಿದೆ. ಮಂಜೇಶ್ವರ, ಉಪ್ಪಳದಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಗಳವರೇ ಹಾಗೆ ಬದುಕಿದ್ದಾರೆ, ಅವರನ್ನು ಯಾರೂ ಅಕ್ರಮ ಮನುಷ್ಯ ಅನ್ನಲಿಲ್ಲ.

ನಮ್ಮ ಅಡಿಕೆ ತೋಟ, ಕಟ್ಟಡ ಕೆಲಸಕ್ಕೆ ಬರುವವರ ವಿಷಯ ಬೇರೆ. ಇಲ್ಲಿ ‘ಬಂಗಾಳಿ’ ಅಂದರೆ ಅಸ್ಸಾಂ, ಒಡಿಶಾ, ಬಿಹಾರ ಎಲ್ಲ ಸೇರಿತು. ಅವರು ಭಾರತದ ಪ್ರಜೆಗಳು. ದೇಶದೊಳಗೆ ಎಲ್ಲಿ ಬೇಕಾದರೂ ದುಡಿಯುವ ಹಕ್ಕು ಇದೆ. ಆದರೂ ‘ವಲಸೆ ಕಾರ್ಮಿಕ’ ಅನ್ನುವ ಒಂದೇ ಪದ ಇಬ್ಬರಿಗೂ ಬಳಕೆಯಾಗಿ, ಅಮೆರಿಕದ ಸುದ್ದಿಯ ‘ಅಕ್ರಮ’ ಸುಮ್ನೆ ಇವರ ಮೇಲೂ ಬೀಳುತ್ತಿದೆ. ಕೇರಳ ಸರ್ಕಾರ ಇವರನ್ನು ‘ಅತಿಥಿ ತೊಳಿಲಾಳಿ’ ಅನ್ನುತ್ತದೆ. ಒಳ್ಳೆಯ ಮನಸ್ಸಿನ ಪದ. ಆದರೆ ‘ಅತಿಥಿ ಕಾರ್ಮಿಕ’ ಅಂತ ಕನ್ನಡಕ್ಕೆ ತಂದರೆ ನನಗೆ ‘ಅತಿಥಿ ಉಪನ್ಯಾಸಕ’ ನೆನಪಾಗುತ್ತದೆ: ಕೆಲಸ ಖಾಯಂ ಅಲ್ಲ, ಸಂಬಳ ಕಡಿಮೆ. ಈ ಅರ್ಥ ಕರ್ನಾಟಕದಲ್ಲಿ ಆಗಲೇ ಗಟ್ಟಿಯಾಗಿದೆ. ನಾನಂತೂ ‘ಹೊರರಾಜ್ಯದ ಕೆಲಸಗಾರ’ ಅಂತಲೇ ಬರೆಯುತ್ತೇನೆ.

ಅಮೆರಿಕದವರಿಗೆ ಸದ್ಯ ‘ಕಾಗದಪತ್ರ ಇಲ್ಲದ ಕೆಲಸಗಾರ’ ಅಂತ ಹಾಕಿದ್ದೇನೆ. ಉದ್ದವಾಯಿತು, ಆದರೆ ಇಲ್ಲದಿರುವುದು ಕಾಗದ ಮಾತ್ರ ಅನ್ನುವುದು ಸ್ಪಷ್ಟ. ಇದಕ್ಕಿಂತ ಚಿಕ್ಕ ಪದ ನಿಮ್ಮಲ್ಲಿ ಬಳಕೆಯಲ್ಲಿದ್ದರೆ ತಿಳಿಸಿ. ಇನ್ನೊಂದು ಸಣ್ಣ ಪ್ರಶ್ನೆ. ನಮ್ಮಲ್ಲಿ ದಿನಗೂಲಿಗೂ ‘ಸಂಬಳ’ ಅನ್ನುತ್ತೇವೆ, ‘ಇವತ್ತಿನ ಸಂಬಳ ಎಷ್ಟು’ ಅಂತಲೇ ಕೇಳುತ್ತೇವೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು ದಿನದ ದುಡ್ಡಿಗೂ ‘ಪಗಾರ’ ಅನ್ನುತ್ತೀರಾ, ತಿಂಗಳದ್ದಕ್ಕೆ ಮಾತ್ರವಾ? ‘ವೇತನ’ ಬಿಟ್ಟು ಎಲ್ಲರಿಗೂ ಹತ್ತಿರವಾದ ಒಂದು ಪದ ಹಾಕಬೇಕು ಅಂತಿದ್ದೇನೆ.