ಟ್ರಸ್ಟಿ ತೀರಿಕೊಂಡ್ರ ಆ ಜಾಗಕ್ಕ ಹೊಸಬರನ್ನ ಯಾರು ತಗೋಬೇಕ್ರಿ?

ಘಟಪ್ರಭಾ ದಂಡಿ, ಮುಧೋಳ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಮುತ್ಯಾ 1978ರಾಗ ಬಡ ಹುಡುಗೂರಿಗಂತ ಪ್ರಸಾದ ನಿಲಯ ತಗದು, ಟ್ರಸ್ಟ್ ಮಾಡಿ ಆರು ಎಕರೆ ಹೊಲ ಬರದು ಕೊಟ್ಟಾರ. ಐದು ಮಂದಿ ಟ್ರಸ್ಟಿ. ಹೋದ ತಿಂಗಳ ನಮ್ಮ ಕಾಕಾ ತೀರಿಕೊಂಡ್ರು, ಚೆಕ್ಕಿಗೆ ಸಹಿ ಮಾಡೋ ಇಬ್ಬರೊಳಗ ಅವರೂ ಒಬ್ಬರು, ಈಗ ಕಬ್ಬಿನ ಬಿಲ್ಲು ಖಾತೆಗೆ ಜಮಾ ಆಗೇತಿ ಆದ್ರ ತಗ್ಯಾಕ ಬರವಲ್ದು, ಜ್ವಾಳ ಉದ್ರಿ ತರಾಕತ್ತೇವಿ. ಕಾಕಾನ ಮಗ ಅಪ್ಪನ ಜಾಗಾ ನಂದ ಅಂತಾನ. ಇನ್ನೊಬ್ಬ ಟ್ರಸ್ಟಿ ಅಮೆರಿಕಾದಾಗ ಮಗಳ ಮನ್ಯಾಗ ಇದ್ದು ವರ್ಷದ ಮ್ಯಾಲಾತು. ಸಂಜಿಮುಂದ ಹುಡುಗೂರು ತಾಟ ಹಿಡಕೊಂಡು ಸಾಲಾಗಿ ಕುಂತಿದ್ದ ನೋಡಿದ್ರ ಸಂಕಟ ಆಗತೈತ್ರಿ. ಏನ್ ಮಾಡಬೇಕು?

ಕೋರ್ಟ್ ಓಣಿ, ವಿಜಯಪುರ:
ಮೊದಲ ಟ್ರಸ್ಟ್ ಡೀಡ್ (ಟ್ರಸ್ಟ್ ಮಾಡಿದಾಗ ಬರದ ಪತ್ರ) ತಗದು ಓದ್ರಿ, ಜಾಗಾ ಖಾಲಿ ಆದ್ರ ಯಾರು ತುಂಬಬೇಕು ಅಂತ ಅದರಾಗ ಬರದಿದ್ರ ಅದ ಕಾಯ್ದೆ. ಅದರಾಗ ಏನೂ ಇಲ್ಲಂದ್ರ, ಖಾಸಗಿ ಟ್ರಸ್ಟ್‌ಗೆ (ಗೊತ್ತಿದ್ದ ಕೆಲವು ಮಂದಿ ಸಲುವಾಗಿ ಮಾಡಿದ್ದಕ್ಕ) 1882ರ ಇಂಡಿಯನ್ ಟ್ರಸ್ಟ್ಸ್ ಆಕ್ಟಿನ 73ನೇ ಕಲಂ ಐತಿ: ಟ್ರಸ್ಟ್ ಮಾಡಿದವರು ಜೀವಂತ ಇದ್ರ ಅವರು, ಇಲ್ಲಾಂದ್ರ ಉಳಿದ ಟ್ರಸ್ಟಿಗಳು ಬರವಣಿಗೆಯಾಗ ನೇಮಕ ಮಾಡಬಹುದು. ಸತತ ಆರು ತಿಂಗಳ ದೇಶದ ಹೊರಗ ಇದ್ದವರ ಜಾಗಕ್ಕೂ ಅದ ಕಲಂ ದಾರಿ ಕೊಡತೈತಿ. ಆದ್ರ ನಿಮ್ಮದು ಸಾರ್ವಜನಿಕ ಧರ್ಮಾರ್ಥ ಟ್ರಸ್ಟ್ ಕಾಣತೈತಿ, ಅಂಥಾದ್ದಕ್ಕ ಆ ಆಕ್ಟ್ ನೇರವಾಗಿ ಹತ್ತೂದಿಲ್ಲ, ಅದಕ್ಕ ಡೀಡಿಗೆ ಅಷ್ಟ ಮಹತ್ವ. ಟ್ರಸ್ಟಿ ಜಾಗಾ ಹೊಲ ಮನಿ ಇದ್ದಂಗ ಅಲ್ರಿ. ಡೀಡಿನಾಗ ಹಂಗಂತ ಬರದು ಇಟ್ಟಿದ್ರ ಮಾತ್ರ ಮಗನಿಗೆ ಬರತೈತಿ.

ಘಟಪ್ರಭಾ ದಂಡಿ:
ಡೀಡ್ ಸಿಕ್ತ್ರಿ, ಮಡಚಿದಲ್ಲಿ ಹರದು ನಾಕು ತುಕಡಿ ಆಗೇತಿ, ಆದ್ರ ಓದಾಕ ಬರತೈತಿ. ಖಾಲಿ ಜಾಗಕ್ಕ ಉಳಿದ ಟ್ರಸ್ಟಿಗಳು ಬಹುಮತದಿಂದ ತುಂಬಬೇಕು, ನಮ್ಮ ಮನೆತನದವರು ಒಬ್ಬರಾದ್ರೂ ಇರಬೇಕು, ಮೂರು ಮಂದಿ ಕೂಡಿದ್ರ ಕೋರಂ (ಸಭಾ ನಡಸಾಕ ಬೇಕಾದಷ್ಟು ಮಂದಿ) ಅಂತ ಐತಿ. ಕಾಕಾ ಒಬ್ರ ನಮ್ಮ ಮನೆತನದವರಿದ್ರು.

ತಿಳಕವಾಡಿ, ಬೆಳಗಾವಿ:
ಹಂಗಾದ್ರ ಬ್ಯಾಂಕಿನ ಸಲುವಾಗಿ ಹೊಸ ಟ್ರಸ್ಟಿ ಬರೂತನಕ ಕಾಯಬ್ಯಾಡ್ರಿ. ಸಹಿ ಅಧಿಕಾರ ಬ್ಯಾರೆ, ಟ್ರಸ್ಟಿ ಜಾಗಾ ಬ್ಯಾರೆ. ಡೀಡಿನಾಗ ಅಡ್ಡಿ ಇಲ್ಲಂದ್ರ ಈಗಿದ್ದವರು ಕೂಡಿ ಕಾಕಾನ ಬದಲಿ ತಮ್ಮೊಳಗಿನ ಇನ್ನೊಬ್ಬರಿಗೆ ಸಹಿ ಕೊಟ್ಟು ಠರಾವು ಮಾಡ್ರಿ, ಅದರ ನಕಲು, ಮರಣ ಪ್ರಮಾಣಪತ್ರ, ಡೀಡ್, ಆಧಾರ್, ಪ್ಯಾನ್ ತಗೊಂಡು ಬ್ಯಾಂಕಿಗೆ ಹೋಗ್ರಿ.

ಇನ್ನೊಂದು, ಅಮೆರಿಕಾದವರಿಗೂ ನೋಟಿಸ್ ಕಳಸ್ರಿ, ಅವರ ಇನ್ನೂ ಟ್ರಸ್ಟಿನ. ಈಮೇಲ್ ಪ್ರತಿ ತಗದಿಡ್ರಿ. ಒಬ್ಬರಿಗೆ ಹೇಳದ ಸಭಾ ಮಾಡಿದ್ರ ನಾಳೆ ನಿಮ್ಮ ಕಾಕಾನ ಮಗ ಅದನ್ನ ಹಿಡಕೊಂಡು ಕೋರ್ಟಿಗೆ ಹೋಗತಾನ. ನಮ್ಮ ವಾಚನಾಲಯದ ಟ್ರಸ್ಟಿನಾಗ ನಾವು ಮುಂದ ನೋಡೂಣು ಅಂತ ಬಿಟ್ವಿ, ಒಬ್ಬೊಬ್ಬರ ಹೋಗಿ ಕಡೀಕ ಒಬ್ಬರ ಉಳಿದ್ರು, ಕೋರಂ ಇಲ್ಲ, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 92ನೇ ಕಲಂ ಪ್ರಕಾರ ಇಬ್ಬರು ಹಿತಾಸಕ್ತರು ಕೋರ್ಟಿನ ಅನುಮತಿ ತಗೊಂಡು ದಾವಾ ಹಾಕಬೇಕಾತು. ಪುಸ್ತಕದ ಕಪಾಟಿಗೆ ಮೂರು ವರ್ಷ ಕೀಲಿ ಬಿದ್ದಿತ್ತು, ತಗದಾಗ ಗೆದ್ದಲ ಹತ್ತಿತ್ತು.

ಕೋರ್ಟ್ ಓಣಿ:
ಬರೋಬ್ಬರಿ ಹೇಳಿದ್ರಿ. ಮೂರು ಮಂದಿ ಇದ್ದಾಗ ಈ ಕೆಲಸ ಮುಗಸ್ರಿ. ಮನೆತನದವರು ಅಂದ್ರ ಕಾಕಾನ ಮಗನ ಆಗಬೇಕು ಅಂತಿಲ್ಲ. ಹೊಸಬರ ಒಪ್ಪಿಗಿ ಪತ್ರ ಮರೀಬ್ಯಾಡ್ರಿ.

ಘಟಪ್ರಭಾ ದಂಡಿ:
ನಮ್ಮ ಅತ್ತಿ ಅದಾರ್ರಿ, ಮುತ್ಯಾನ ಮಗಳು, ರಿಟೈರ್ಡ್ ಟೀಚರ್. ದಿನಾ ಮುಂಜಾನೆ ಬಂದು ಬ್ಯಾಳಿ ಕುದ್ದೈತಿಲ್ಲೋ ಅಂತ ಬೆರಳಾಗ ಹಿಚಕಿ ನೋಡಿ ಹೋಗತಾರ, ಈತನಕ ಯಾರೂ ಅವರನ್ನ ಕೇಳೇ ಇಲ್ಲ. ಇವತ್ತ ಕೇಳಿದೆ, ಹೂಂ ಅಂದಾರ. ನೋಟಿಸ್ ಬರ್ಯಾಕ ಕುಂತೀನಿ, ಅಮೆರಿಕಾಕ್ಕೂ ಕಳಸ್ತೀನ್ರಿ.