ಮುದ್ರಣದ ನಡುವೆ ಕೀ ಒತ್ತಿದರೆ ಕರ್ನಲ್ ಸ್ತಬ್ಧವಾಗುತ್ತದೆ

ಪ್ರಶ್ನೆ:
ನಮಸ್ಕಾರ. ಕಲಿಯುವ ಸಲುವಾಗಿ 32 ಬಿಟ್ ಎಕ್ಸ್86ಗೆ ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬರೆಯುತ್ತಿದ್ದೇನೆ. ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶ ಕ್ಯೂಎಮುವಿನಲ್ಲಿ ಒಂದೇ ಕೋರ್ ಮೇಲೆ ಓಡಿಸುತ್ತೇನೆ. ಬಯಾಸ್ (ಯಂತ್ರ ಶುರುವಾಗುವಾಗ ಓಡುವ ತಂತ್ರಾಂಶ) 8ರಿಂದ 15ರ ಸಂಖ್ಯೆಗಳಲ್ಲಿ ಕೂರಿಸಿದ್ದ ಇಂಟರಪ್ಟ್‌ಗಳನ್ನು (ಸಾಧನಗಳು ಪ್ರೊಸೆಸರ್‌ನ ಕೆಲಸ ತಡೆದು ಕೊಡುವ ಕರೆಗಳನ್ನು) 32ರಿಂದ ಆಚೆಗೆ ಸರಿಸಿದ್ದೇನೆ. ಟೈಮರ್ ಹ್ಯಾಂಡ್ಲರ್ (ಟೈಮರ್ ಇಂಟರಪ್ಟ್ ಬಂದಾಗ ಓಡುವ ಕೋಡ್) ಪರದೆಯ ಮೂಲೆಯಲ್ಲಿ ಸೆಕೆಂಡು ಎಣಿಸುತ್ತದೆ. ಅದನ್ನು ನೇರವಾಗಿ ವಿಡಿಯೊ ಮೆಮೊರಿಗೆ ಬರೆಯುತ್ತೇನೆ. ಕರ್ನಲ್ ಸುಮ್ಮನಿದ್ದಾಗ ಕೀಬೋರ್ಡ್ ಸರಿಯಾಗಿದೆ. ಉದ್ದದ ಪಟ್ಟಿ ಮುದ್ರಿಸುತ್ತಿರುವಾಗ ಕೀ ಒತ್ತಿದರೆ ಮಾತ್ರ ಕೆಲವೊಮ್ಮೆ ಎಲ್ಲವೂ ನಿಲ್ಲುತ್ತದೆ. ನಿನ್ನೆ ರಾತ್ರಿ ಒಂದು ಸಾಲನ್ನು ಅರ್ಧ ಮುದ್ರಿಸಿ ನಿಂತಿತು, ಎಣಿಕೆ 41ರಲ್ಲೇ ಉಳಿಯಿತು. ಮೂರು ದಿನದಿಂದ ಹುಡುಕುತ್ತಿದ್ದೇನೆ.

ಉತ್ತರ 1:
ಕೀಬೋರ್ಡ್ ಹ್ಯಾಂಡ್ಲರ್‌ನ ಕೊನೆಯಲ್ಲಿ, ಇಂಟರಪ್ಟ್‌ಗಳನ್ನು ಪ್ರೊಸೆಸರ್‌ಗೆ ದಾಟಿಸುವ 8259 ಚಿಪ್‌ಗೆ ‘ಕೆಲಸ ಮುಗಿಯಿತು’ ಎಂಬ ಸೂಚನೆ ಕಳುಹಿಸುತ್ತಿದ್ದೀರಾ? ಅದು ತಪ್ಪಿದರೆ ಮುಂದಿನ ಕೀ ಬರುವುದೇ ಇಲ್ಲ.

ಉತ್ತರ 2:
ಆ ಸೂಚನೆ ತಪ್ಪಿದ್ದರೆ ಎಣಿಕೆ ನಿಲ್ಲುತ್ತಿರಲಿಲ್ಲ. ಟೈಮರ್ 0ನೆಯ ಸಾಲು, ಕೀಬೋರ್ಡ್ 1ನೆಯದು. 8259 ತಡೆಹಿಡಿಯುವುದು ಸಮಾನ ಮತ್ತು ಕೆಳಗಿನ ಆದ್ಯತೆಯವನ್ನು ಮಾತ್ರ. ಟೈಮರ್ ಅದಕ್ಕಿಂತ ಮೇಲಿದೆ. ಇಲ್ಲಿ ಪ್ರೊಸೆಸರ್ ತಾನೇ ಬಾಗಿಲು ಮುಚ್ಚಿಕೊಂಡಿದೆ. ನಿಂತಾಗ ಕ್ಯೂಎಮುವಿನ ಮಾನಿಟರ್‌ನಲ್ಲಿ ರಿಜಿಸ್ಟರ್‌ಗಳನ್ನು ನೋಡಿ. ಫ್ಲ್ಯಾಗ್ ರಿಜಿಸ್ಟರ್ ಆದ ಇಎಫ್‌ಎಲ್‌ನಲ್ಲಿ, ಇಂಟರಪ್ಟ್ ತೆರೆದಿದೆ ಎಂದು ಹೇಳುವ ಹೆಕ್ಸ್ 200ರ ಬಿಟ್ ಇದೆಯೇ? ಇಐಪಿ, ಅಂದರೆ ಓಡಬೇಕಾದ ಆಜ್ಞೆಯ ವಿಳಾಸ, ಯಾವ ಫಂಕ್ಷನ್‌ನಲ್ಲಿದೆ?

ಪ್ರಶ್ನೆ ಕೇಳಿದವರು:
ಇಎಫ್‌ಎಲ್ 00000002. ಇಐಪಿ ಪ್ರತಿ ಸಲವೂ ಮುದ್ರಣ ಫಂಕ್ಷನ್‌ನ ಲಾಕ್‌ಗಾಗಿ (ಒಂದು ಸಲಕ್ಕೆ ಒಬ್ಬರೇ ಬಳಸಲೆಂದು ಹಾಕಿದ ಬೀಗ) ಸುತ್ತುವ ಲೂಪ್‌ನಲ್ಲೇ ಸಿಗುತ್ತದೆ! ಕೀ ಹ್ಯಾಂಡ್ಲರ್ ಒತ್ತಿದ ಅಕ್ಷರವನ್ನು ತೋರಿಸಲು ಅದೇ ಮುದ್ರಣ ಫಂಕ್ಷನ್ ಕರೆಯುತ್ತದೆ.

ಉತ್ತರ 2:
ಕಾರಣ ಸಿಕ್ಕಿತು. ಮುದ್ರಣ ಕೋಡ್ ಲಾಕ್ ಹಿಡಿದಿದ್ದಾಗ ಕೀ ಬಂತು. ಇಂಟರಪ್ಟ್ ಗೇಟ್ ಮೂಲಕ ಒಳಬಂದದ್ದರಿಂದ ಬೇರೆ ಇಂಟರಪ್ಟ್‌ಗಳು ಬಂದ್. ಹ್ಯಾಂಡ್ಲರ್ ಅದೇ ಲಾಕ್‌ಗೆ ಕಾಯುತ್ತದೆ. ಲಾಕ್ ಬಿಡಬೇಕಾದ ಕೋಡ್ ಹ್ಯಾಂಡ್ಲರ್ ಮುಗಿಯದೆ ಓಡುವಂತಿಲ್ಲ. ಟೈಮರ್ ಲಾಕ್ ಮುಟ್ಟದ ಕಾರಣ ಇಷ್ಟು ದಿನ ಬಚಾವಾಯಿತು.

ಲಾಕ್ ಹಿಡಿಯುವ ಮೊದಲು ಫ್ಲ್ಯಾಗ್‌ಗಳನ್ನು ಉಳಿಸಿಕೊಂಡು ಇಂಟರಪ್ಟ್ ಮುಚ್ಚಿ, ಲಾಕ್ ಬಿಟ್ಟ ಮೇಲೆ ಉಳಿಸಿದ್ದನ್ನೇ ಮರಳಿಸಿ. ಕಣ್ಣುಮುಚ್ಚಿ, ಇಂಟರಪ್ಟ್ ತೆರೆಯುವ ಆಜ್ಞೆಯಾದ ‘ಎಸ್‌ಟಿಐ’ ಹಾಕಬೇಡಿ: ಇಂಟರಪ್ಟ್ ಮೊದಲೇ ಮುಚ್ಚಿದ್ದ ಕಡೆಯಿಂದ ಕರೆ ಬಂದಿದ್ದರೆ ಅಕಾಲದಲ್ಲಿ ತೆರೆದುಬಿಡುತ್ತೀರಿ. ಆದರೂ ನನ್ನ ಒತ್ತಾಯ ವಿನ್ಯಾಸವನ್ನೇ ಬದಲಿಸಿ ಎಂದು. ಹ್ಯಾಂಡ್ಲರ್ ಹೆಕ್ಸ್ 60ರ ಪೋರ್ಟ್‌ನಿಂದ ಸ್ಕ್ಯಾನ್‌ಕೋಡ್ (ಕೀಯ ಸಂಕೇತ ಸಂಖ್ಯೆ) ಓದಲಿ, ವೃತ್ತಾಕಾರದ ಬಫರ್‌ಗೆ ಹಾಕಲಿ, ಚಿಪ್‌ಗೆ ಸೂಚನೆ ಕೊಟ್ಟು ಹೊರಡಲಿ. ಅಕ್ಷರವಾಗಿ ಬಿಡಿಸುವುದು, ಪರದೆಗೆ ತರುವುದು ಮುಖ್ಯ ಲೂಪ್‌ನ ಕೆಲಸ. ಲಿನಕ್ಸ್ ಕರ್ನಲ್‌ನ ಟಾಪ್ ಹಾಫ್, ಬಾಟಮ್ ಹಾಫ್ ವಿಭಜನೆಯೂ (ತುರ್ತಿನದು ಹ್ಯಾಂಡ್ಲರ್‌ನಲ್ಲಿ, ಉಳಿದದ್ದು ಆಮೇಲೆ) ಇದೇ ದಾರಿಯದು. ಬರೆಯುವ ಸೂಚಿಯನ್ನು ಹ್ಯಾಂಡ್ಲರ್ ಮಾತ್ರ, ಓದುವ ಸೂಚಿಯನ್ನು ಲೂಪ್ ಮಾತ್ರ ಬದಲಿಸಿದರೆ ಒಂದೇ ಕೋರ್‌ನಲ್ಲಿ ಆ ಬಫರ್‌ಗೆ ಲಾಕ್ ಬೇಕಿಲ್ಲ. ಎರಡೂ ಸೂಚಿಗಳನ್ನು ‘ವೊಲಟೈಲ್’ (ಪ್ರತಿ ಸಲವೂ ಮೆಮೊರಿಯಿಂದಲೇ ಓದಬೇಕಾದದ್ದು) ಎಂದು ಘೋಷಿಸಿ.

ಪ್ರಶ್ನೆ ಕೇಳಿದವರು:
128 ಬೈಟ್‌ಗಳ ಬಫರ್ ಹಾಕಿದೆ. ಪಟ್ಟಿ ಮುದ್ರಿಸುತ್ತಿರುವಾಗ ಹತ್ತು ನಿಮಿಷ ಕೀಗಳನ್ನು ಬಡಿದೆ, ಎಣಿಕೆ ನಿಲ್ಲಲಿಲ್ಲ. ತುಂಬಾ ಧನ್ಯವಾದಗಳು. ಈಗ ಬಫರ್ ಖಾಲಿಯಿದ್ದರೆ ಲೂಪ್, ಇಂಟರಪ್ಟ್ ಬರುವವರೆಗೆ ಪ್ರೊಸೆಸರ್ ನಿಲ್ಲಿಸುವ ‘ಎಚ್‌ಎಲ್‌ಟಿ’ಯಲ್ಲಿ ಮಲಗುತ್ತದೆ. ಇದು ಸರಿಯೇ?

ಉತ್ತರ 2:
ಖಾಲಿ ಎಂದು ನೋಡಿದ ಮೇಲೆ, ಮಲಗುವ ಮುನ್ನ ಕೀ ಬಂದರೆ ಅದು ಮುಂದಿನ ಟೈಮರ್ ಹೊಡೆತದವರೆಗೆ ಕಾಯುತ್ತದೆ. ಇಂಟರಪ್ಟ್ ಮುಚ್ಚುವ ‘ಸಿಎಲ್‌ಐ’ ಹಾಕಿ ಬಫರ್ ಪರೀಕ್ಷಿಸಿ. ಖಾಲಿಯಿದ್ದರೆ ‘ಎಸ್‌ಟಿಐ’ ಮತ್ತು ‘ಎಚ್‌ಎಲ್‌ಟಿ’ಯನ್ನು ಒಂದರ ಹಿಂದೆ ಒಂದು ಬರೆಯಿರಿ, ನಡುವೆ ಏನೂ ಬೇಡ. ಮುಚ್ಚಿದ್ದ ಇಂಟರಪ್ಟ್ ತೆರೆಯುವಾಗ ‘ಎಸ್‌ಟಿಐ’ಯ ಪರಿಣಾಮ ಮುಂದಿನ ಒಂದು ಆಜ್ಞೆ ಮುಗಿದ ಮೇಲೆಯೇ ಜಾರಿಗೆ ಬರುವುದರಿಂದ, ಆ ಸಂದಿಯಲ್ಲಿ ಕೀ ನುಸುಳಲು ಜಾಗವಿಲ್ಲ.