‘ಟೈನಿ ಪ್ರೆಟಿ ಥಿಂಗ್ಸ್’ ಓದಿದೋರು ಇದ್ದೀರಾ? ಬ್ಯಾಲೆ ಸ್ಕೂಲಲ್ಲಿ ನಿಜವಾಗ್ಲೂ ಇಷ್ಟು ಪೈಪೋಟಿ ಇರುತ್ತಾ?

ಬಸವನಗುಡಿ ಓದುಗಿ:

ಎಲ್ರಿಗೂ ನಮಸ್ಕಾರ. ನಮ್ಮಕ್ಕನ ಮಗಳು ಒಂಬತ್ತನೇ ಕ್ಲಾಸು, ಭರತನಾಟ್ಯ ಕಲೀತಿದಾಳೆ. ಫ್ರೆಂಡ್ ಹತ್ರ ಇಸ್ಕೊಂಡು ‘ಟೈನಿ ಪ್ರೆಟಿ ಥಿಂಗ್ಸ್’ ಅಂತ ಇಂಗ್ಲಿಷ್ ಕಾದಂಬರಿ ಓದಿದ್ಲು, ಅವಳು ಮುಗಿಸಿದ್ಮೇಲೆ ನಾನೂ ಕೂತು ಓದ್ದೆ. ಸೋನಾ ಚರೈಪೋತ್ರಾ, ಡೋನಿಯೆಲ್ ಕ್ಲೇಟನ್ ಅಂತ ಇಬ್ರು ಸೇರಿ ಬರೆದಿರೋದು, 2015ರಲ್ಲಿ ಬಂದಿದ್ದು. ನ್ಯೂಯಾರ್ಕಲ್ಲಿ ಒಂದು ಬ್ಯಾಲೆ ಸ್ಕೂಲು (ಸ್ಕೂಲು ಕಲ್ಪನೆದು), ಅಲ್ಲೇ ಹಾಸ್ಟೆಲ್ಲು, ಮೂರು ಹುಡುಗೀರು ಒಬ್ಬರಾದ್ಮೇಲೆ ಒಬ್ಬರು ಕತೆ ಹೇಳ್ತಾ ಹೋಗ್ತಾರೆ. ಬೆಟ್ ದುಡ್ಡಿರೋರ ಮನೆ ಹುಡುಗಿ, ಅವಳಕ್ಕ ಆಗ್ಲೇ ಹೆಸರು ಮಾಡಿರೋ ಡ್ಯಾನ್ಸರ್. ಜೂನ್‌ದು ಅಮ್ಮ ಕೊರಿಯಾದವ್ರು, ಎಷ್ಟು ಚೆನ್ನಾಗಿ ಮಾಡಿದ್ರೂ ಇವಳು ಅಂಡರ್‌ಸ್ಟಡಿನೇ, ಅಂದ್ರೆ ಪಾತ್ರ ಸಿಕ್ಕಿದೋಳಿಗೆ ಏನಾದ್ರೂ ಆದ್ರೆ ಮಾತ್ರ ಸ್ಟೇಜು. ಜಿಜಿ ಕ್ಯಾಲಿಫೋರ್ನಿಯಾದಿಂದ ಹೊಸದಾಗಿ ಬಂದಿರೋ ಕಪ್ಪು ಹುಡುಗಿ. ನಟ್‌ಕ್ರ್ಯಾಕರ್ ಅನ್ನೋ ಬ್ಯಾಲೆಲಿ ಶುಗರ್ ಪ್ಲಮ್ ಫೇರಿ ಅನ್ನೋ ದೊಡ್ಡ ಪಾತ್ರ ಬೆಟ್‌ಗೇ ಅಂತ ಎಲ್ರೂ ಅಂದ್ಕೊಂಡಿರ್ತಾರೆ, ಅದು ಜಿಜಿಗೆ ಸಿಗುತ್ತೆ, ಅಲ್ಲಿಂದ ಶುರು ನೋಡಿ. ಶೂ ಒಳಗೆ ಗಾಜಿನ ಚೂರು ಹಾಕೋವರೆಗೂ ಹೋಗುತ್ತೆ.

ಓದ್ತಾ ಓದ್ತಾ ಕೆಳಗಿಡಕ್ಕಾಗ್ಲಿಲ್ಲ ಅನ್ನೋದು ನಿಜ, ಆದ್ರೆ ಮನಸ್ಸಿಗೆ ಕಸಿವಿಸಿ ಆಯ್ತು. ಇವಳು ಬೇರೆ ದಿನಾ ಕೇಳ್ತಾಳೆ, "ಚಿಕ್ಕಮ್ಮ, ನಮ್ ಕ್ಲಾಸಲ್ಲಿ ಯಾರೂ ಹಿಂಗಿಲ್ವಲ್ಲ, ಅಲ್ಲಿ ಯಾಕೆ ಎಲ್ರೂ ಹಂಗೆ?" ಅಂತ. ಬ್ಯಾಲೆ ಬಗ್ಗೆ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ, ಇದ್ರಲ್ಲಿ ಎಷ್ಟು ನಿಜ ಎಷ್ಟು ಮಸಾಲೆ?

ಎಡಿಸನ್ ಅಮ್ಮ:

ನಾವು ನ್ಯೂಜೆರ್ಸಿಲಿ ಇರೋದು. ದೊಡ್ಡ ಮಗಳು ಭರತನಾಟ್ಯ ಕಲಿತಳು, ಚಿಕ್ಕೋಳು ಬ್ಯಾಲೆ ಹಿಡಿದಳು, ಹಾಗಾಗಿ ನಿಮ್ಮ ಹುಡುಗಿ ಪ್ರಶ್ನೆಗೆ ನಮ್ಮನೇಲೇ ಉತ್ತರ ಇದೆ. ಅಲ್ಲಿ ಹುಡುಗೀರು ಕೆಟ್ಟೋರು ಇಲ್ಲಿ ಒಳ್ಳೆಯೋರು ಅಂತಲ್ಲ ರೀ. ನಮ್ಮಲ್ಲಿ ರಂಗಪ್ರವೇಶ ಅಂದ್ರೆ ಹೇಗಿರುತ್ತೆ ಯೋಚನೆ ಮಾಡಿ. ಗುರುಗಳು ಮಗು ರೆಡಿ ಅಂತಾರೆ, ಮನೆಯೋರು ಹಾಲ್ ಬುಕ್ ಮಾಡ್ತಾರೆ, ಪುಷ್ಪಾಂಜಲಿಯಿಂದ ತಿಲ್ಲಾನದವರೆಗೂ ಇಡೀ ಸಂಜೆ ಒಬ್ಬಳದೇ, ಜೊತೆಗೆ ಕಲಿತೋರು ಬಂದು ಜಡೆ ಕಟ್ಟೋಕೆ, ಸೀರೆ ಪಿನ್ ಹಾಕೋಕೆ ನಿಲ್ತಾರೆ, ಯಾಕಂದ್ರೆ ಇವಳಿಗೆ ಸಿಕ್ಕಿದ್ರಿಂದ ಅವರದ್ದೇನೂ ಹೋಗಲ್ಲ, ಅವರ ಸರದಿ ಮುಂದಿನ ವರ್ಷ ಬರುತ್ತೆ. ಬ್ಯಾಲೆಲಿ ಹಾಗಿಲ್ಲ. ಇಪ್ಪತ್ತು ಹುಡುಗೀರು ಒಂದೇ ಸ್ಟೆಪ್ಪನ್ನ ಒಂದೇ ಕನ್ನಡಿ ಮುಂದೆ ವರ್ಷಗಟ್ಟಲೆ ಕಲೀತಾರೆ, ಶುಗರ್ ಪ್ಲಮ್ ಮಾತ್ರ ಒಬ್ಬಳೇ. ಎರಡು ಕಾಸ್ಟ್, ಅಂದ್ರೆ ಒಂದೇ ಶೋಗೆ ಎರಡು ತಂಡ, ಮಾಡಿದ್ರೆ ಇಬ್ಬರು. ಉಳಿದೋರು ಹಿಮದ ಸೀನಲ್ಲಿ ಸಾಲಾಗಿ.

ಮತ್ತೆ ನಟ್‌ಕ್ರ್ಯಾಕರ್ ಅಂದ್ರೆ ಇಲ್ಲಿ ಬರೀ ಒಂದು ಶೋ ಅಲ್ಲ. 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗಲ್ಲಿ ಮೊದಲು ಆಡಿದ್ದು, ಚೈಕೋವ್‌ಸ್ಕಿ ಸಂಗೀತ, ಆದ್ರೆ ಅದು ಕ್ರಿಸ್‌ಮಸ್ ಹಬ್ಬದ ಭಾಗವೇ ಆಗಿದ್ದು ಅಮೆರಿಕದಲ್ಲಿ. ನ್ಯೂಯಾರ್ಕ್ ಸಿಟಿ ಬ್ಯಾಲೆ ಅನ್ನೋ ಕಂಪನಿಲಿ ನೃತ್ಯ ಸಂಯೋಜಕ ಬ್ಯಾಲಂಚೀನ್ 1954ರಲ್ಲಿ ಮಾಡಿದ್ದು ಇವತ್ತಿಗೂ ಪ್ರತಿ ಡಿಸೆಂಬರ್ ನಡೆಯುತ್ತೆ, ಮಕ್ಕಳ ಪಾತ್ರಕ್ಕೆ ಅವರದೇ ಸ್ಕೂಲ್ ಆಫ್ ಅಮೆರಿಕನ್ ಬ್ಯಾಲೆಯಿಂದ ಮಕ್ಕಳು. ಎಷ್ಟೋ ಬ್ಯಾಲೆ ಕಂಪನಿಗಳಿಗೆ ವರ್ಷದ ಟಿಕೆಟ್ ದುಡ್ಡಲ್ಲಿ ದೊಡ್ಡ ಪಾಲು ಇದರಿಂದಾನೇ. ನಮ್ಮೂರಿನ ಚಿಕ್ಕ ಸ್ಟುಡಿಯೋ ಕೂಡ ಬಿಡಲ್ಲ. ಯಾರಿಗೆ ಯಾವ ಪಾತ್ರ ಅನ್ನೋ ಲಿಸ್ಟ್ ಬರೋ ದಿನ ನಾನು ನೋಡಿದೀನಿ, ಈಗ ನೋಟಿಸ್ ಬೋರ್ಡ್ ಹೋಗಿ ಈಮೇಲ್ ಬಂದಿದೆ ಅಷ್ಟೇ, ಮಗಳು ಕಾರಲ್ಲಿ ಹಿಂದಿನ ಸೀಟಲ್ಲಿ ಕೂತು ಮೊದಲು ತನ್ನ ಹೆಸರು ಹುಡುಕಲ್ಲ, ಆ ಪಾತ್ರದ ಮುಂದೆ ಯಾರ ಹೆಸರಿದೆ ಅಂತ ನೋಡ್ತಾಳೆ, ಆಮೇಲೆ ಕೆಳಗೆ ಇಳೀತಾ ಇಳೀತಾ ತನ್ನ ಹೆಸರು ಸಿಗುತ್ತೆ. ಕಾದಂಬರೀಲಿ ಲಿಸ್ಟ್ ಹಾಕೋ ದೃಶ್ಯ ಅಷ್ಟು ಚೆನ್ನಾಗಿ ಬಂದಿರೋದು ಅದಕ್ಕೇ.

ಇನ್ನೊಂದು, ಟೈಮ್. ಕಂಪನಿಗೆ ತಗೊಳ್ಳೋದು ಸುಮಾರು ಹದಿನೇಳು ಹದಿನೆಂಟಕ್ಕೆ. ಆಗ ಆಗ್ಲಿಲ್ಲ ಅಂದ್ರೆ ಡಿಗ್ರಿ ಮುಗಿಸಿ ನೋಡೋಣ ಅನ್ನೋ ಮಾತು ಕಷ್ಟ. ಹತ್ತು ವರ್ಷದಿಂದ ಬೇರೆ ಏನೂ ಮಾಡದೆ ಇರೋ ಮಗುಗೆ ಪಕ್ಕದಲ್ಲಿ ಬಾರ್ (ಅಭ್ಯಾಸಕ್ಕೆ ಹಿಡ್ಕೊಳ್ಳೋ ಕಂಬಿ) ಹಿಡ್ಕೊಂಡು ನಿಂತಿರೋ ಗೆಳತಿನೇ ಅಡ್ಡ ಬರೋಳು ಅಂತ ಕಾಣೋದು ಅಲ್ಲೇ. ಪ್ರೀತಿನೂ ಇರುತ್ತೆ, ಅದು ಸುಳ್ಳಲ್ಲ, ಕಾಲು ಉಳುಕಿದ್ರೆ ಐಸ್ ಪ್ಯಾಕ್ ತಂದು ಕೊಡೋಳೂ ಅವಳೇ.

ಗಾಜಿನ ಚೂರಿನ ಮಾತು ನನಗೆ ನಂಬಕ್ಕಾಗಲ್ಲ. ಪಾಯಿಂಟ್ ಶೂ, ಅಂದ್ರೆ ಕಾಲ್ಬೆರಳ ತುದೀಲಿ ನಿಲ್ಲೋಕೆ ಹಾಕೋ ಶೂ, ನೋಡಿದ್ರೆ ನಿಮಗೂ ಗೊತ್ತಾಗುತ್ತೆ. ತುದೀಲಿರೋ ಗಟ್ಟಿ ಭಾಗ ಬಟ್ಟೆ, ಪೇಪರ್ರು, ಅಂಟು ಸೇರಿಸಿ ಪದರ ಪದರವಾಗಿ ಮಾಡಿರ್ತಾರೆ, ಮರ ಅಲ್ಲ. ಹೊಸ ಜೊತೆ ಬಂದ ತಕ್ಷಣ ಮಗಳು ಅಟ್ಟೆ ಬಗ್ಗಿಸ್ತಾಳೆ, ಬಾಗಿಲ ಸಂದೀಲಿ ಇಟ್ಟು ಒತ್ತುತಾಳೆ, ಸದ್ದು ಬರಬಾರದು ಅಂತ ಮೆಟ್ಟಿಲಿಗೆ ಬಡೀತಾಳೆ, ಜಾರದ ಹಾಗೆ ತುದಿ ಸ್ಯಾಟಿನ್ ಕತ್ತರಿಸ್ತಾಳೆ, ರಿಬ್ಬನ್ ತಾನೇ ಹೊಲೀಬೇಕು. ಒಂದು ಜೊತೆ ಶೂಗೆ ನೂರು ಡಾಲರ್ ಮೇಲೆ, ದೊಡ್ಡ ಡ್ಯಾನ್ಸರ್‌ಗಳಿಗೆ ಒಂದೇ ಶೋಗೆ ಸತ್ತು ಹೋಗುತ್ತೆ. ಇಷ್ಟು ಕೈಯಾಡಿಸಿರೋ ಶೂನ ಹುಡುಗೀರು ಬ್ಯಾಗಿಂದ ಆಚೆ ಬಿಡಲ್ಲ, ಒಳಗೆ ಪ್ಯಾಡ್ ಬೇರೆ ಹಾಕ್ತಾರೆ, ಚೂರು ಇದ್ರೆ ಬೆರಳಿಗೆ ಮೊದಲೇ ಸಿಗುತ್ತೆ.

ರಂಗಪ್ರಿಯ ಧಾರವಾಡ:

ಗಾಜಿನ ಚೂರು ಬಿಡ್ರಿ, ದೊಡ್ಡವರ ಲೋಕದಾಗ ಅದಕ್ಕಿಂತ ಘೋರ ನಡದದ. 2013ರ ಜನವರಿಯೊಳಗ ಮಾಸ್ಕೋದ ಬೊಲ್ಶೊಯ್ ಬ್ಯಾಲೆ ಡೈರೆಕ್ಟರ್ ಸೆರ್ಗೆಯ್ ಫಿಲಿನ್ ಮಾರಿ ಮ್ಯಾಲೆ ಆಸಿಡ್ ಹಾಕಿದ್ರು, ಕಣ್ಣಿಗೆ ಭಾಳ ಪೆಟ್ಟಾತು. ಅದರಾಗ ಶಿಕ್ಷೆ ಆದವರೊಳಗ ಅದೇ ಕಂಪನಿ ಡ್ಯಾನ್ಸರ್ ಪಾವೆಲ್ ದ್ಮಿತ್ರಿಚೆಂಕೊ ಒಬ್ಬಾಂವ. ಹೊಡೀರಿ ಅಂದಿದ್ದೆ, ಆಸಿಡ್ ಹಾಕ್ರಿ ಅಂದಿರಲಿಲ್ಲ ಅಂತ ಅವನ ಹೇಳಿಕಿ. ಯಾರಿಗೆ ಯಾವ ಪಾತ್ರ ಕೊಡ್ತಾರ ಅನ್ನೋದರ ಸಿಟ್ಟು ಆ ಕೇಸ್ ಉದ್ದಕ್ಕೂ ಬಂತು. ಅದಕ್ಕ ಕಾದಂಬರಿಯವರು ಎಲ್ಲಾ ತಲ್ಯಾಗಿಂದ ಹುಟ್ಟಿಸ್ಯಾರ ಅನ್ನಂಗಿಲ್ಲ. ಆದ್ರ ಒಂದ ಸ್ಕೂಲು, ಒಂದ ವರ್ಷ, ಎಲ್ಲಾ ಕೇಡು ಅಲ್ಲೇ ಅಂದ್ರ ಓದವರಿಗೆ ಸ್ವಲ್ಪ ಜಾಸ್ತಿನ ಆಗ್ತದ.

ಲೈಬ್ರರಿ ಕಾರ್ಡ್:

ಮೇಡಂ, ನನಗೆ ಈ ಪುಸ್ತಕ ತುಂಬಾ ಇಷ್ಟ, ಆದ್ರೆ ಕಿತ್ತಾಟಕ್ಕಲ್ಲ, ಜಿಜಿ ಭಾಗಗಳಿಗೆ. ಸೋನಾ ಭಾರತೀಯ ಮೂಲದ ಅಮೆರಿಕನ್, ಡೋನಿಯೆಲ್ ಕಪ್ಪು ಅಮೆರಿಕನ್, ಹಾಗಾಗಿ ಎಲ್ರೂ ಒಂದೇ ಥರ ಕಾಣಬೇಕು ಅನ್ನೋ ಸಾಲಲ್ಲಿ ಬೇರೆ ಥರ ಕಾಣೋ ಹುಡುಗಿಗೆ ಏನಾಗುತ್ತೆ ಅನ್ನೋದು ಹೊರಗಿಂದ ನೋಡಿ ಬರೆದ ಹಾಗಿಲ್ಲ. ಬ್ಯಾಲೆಲಿ ಶೂ, ಟೈಟ್ಸ್ ತಿಳಿ ಗುಲಾಬಿ ಯಾಕೆ ಗೊತ್ತಾ, ಬಿಳಿ ಕಾಲಿನ ಜೊತೆ ಸೇರಿ ಒಂದೇ ಗೆರೆ ಕಾಣ್ಲಿ ಅಂತ. ಕಪ್ಪು ಡ್ಯಾನ್ಸರ್‌ಗಳು ಮೇಕಪ್ ಫೌಂಡೇಶನ್ ತಗೊಂಡು ಶೂಗೆ ತಾವೇ ಬಳೀತಿದ್ರು. ಆರ್ಥರ್ ಮಿಚೆಲ್ 1969ರಲ್ಲಿ ಕಟ್ಟಿದ ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್‌ನಲ್ಲಿ ಮೈಬಣ್ಣದ ಟೈಟ್ಸ್ ಶೂ ಪದ್ಧತಿ ಬಂತು, ಆದ್ರೆ ಲಂಡನ್ನಿನ ಫ್ರೀಡ್ ಅಂಥ ದೊಡ್ಡ ಶೂ ಕಂಪನಿ ಕಂದು ಬಣ್ಣದ ಪಾಯಿಂಟ್ ಶೂ ಮಾರಾಟಕ್ಕೆ ತಂದಿದ್ದು 2018ರಲ್ಲಿ! ಮಿಸ್ಟಿ ಕೋಪ್‌ಲ್ಯಾಂಡ್ ಅಮೆರಿಕನ್ ಬ್ಯಾಲೆ ಥಿಯೇಟರ್‌ನಲ್ಲಿ ಪ್ರಿನ್ಸಿಪಲ್, ಅಂದ್ರೆ ಕಂಪನಿಯ ಅತಿ ಮೇಲಿನ ದರ್ಜೆ ಡ್ಯಾನ್ಸರ್, ಆದ ಮೊದಲ ಕಪ್ಪು ಮಹಿಳೆ, ಅದೂ 2015ರಲ್ಲೇ, ಈ ಕಾದಂಬರಿ ಬಂದ ಸ್ವಲ್ಪ ದಿನದ ಮೇಲೆ. ಜಿಜಿಗೆ ಆ ಪಾತ್ರ ಸಿಕ್ಕಾಗ ಸ್ಕೂಲೆಲ್ಲ ಯಾಕೆ ಉರಿದು ಬಿತ್ತು ಅನ್ನೋದಕ್ಕೆ ಇದನ್ನೆಲ್ಲ ಜೊತೆಗಿಟ್ಟು ಓದಬೇಕು.

ನನ್ನ ತಕರಾರು ಒಂದೇ. ಕತೆ ಮುಗಿಯೋ ಹೊತ್ತಿಗೆ ನಾವು ಯಾವ ಹುಡುಗಿ ಏನು ಮಾಡಿದ್ಲು ಅಂತ ಪತ್ತೇದಾರಿಕೆ ಮಾಡ್ತಾ ಇರ್ತೀವಿ, ದೊಡ್ಡೋರು ತಪ್ಪಿಸ್ಕೊಂಡು ಬಿಡ್ತಾರೆ. ಯಾರನ್ನ ಯಾರ ಮೇಲೆ ಎತ್ತಿ ಕಟ್ಟಬೇಕು ಅಂತ ತೀರ್ಮಾನ ಮಾಡೋರು ಟೀಚರ್ರು, ಜೂನ್‌ಗೆ ಈ ಸಲ ಪಾತ್ರ ಬರದೇ ಇದ್ರೆ ಸ್ಕೂಲ್ ಬಿಡಿಸ್ತೀನಿ ಅನ್ನೋಳು ಅವಳಮ್ಮ. ನಿಜ ಜೀವನದಲ್ಲೂ ಹಾಗೇ, ವಿಯೆನ್ನಾ ಸ್ಟೇಟ್ ಆಪೆರಾದ ಬ್ಯಾಲೆ ಅಕಾಡೆಮಿ ಮೇಲೆ 2019ರಲ್ಲಿ ತನಿಖೆ ಆಯ್ತು, ಮಕ್ಕಳ ಆರೋಗ್ಯ ಅಲ್ಲಿ ಸರಿಯಾಗಿ ನೋಡ್ಕೊಳ್ತಿರ್ಲಿಲ್ಲ, ತೆಳ್ಳಗಿರೋಕೆ ಸಿಗರೇಟ್ ಸೇದಿ ಅಂತ ಹೇಳಿಕೊಟ್ಟಿದ್ರು ಅಂತೆಲ್ಲ ಆಚೆ ಬಂತು. ಹೇಳಿಕೊಟ್ಟೋರು ಪಕ್ಕದ ಹುಡುಗಿ ಅಲ್ವಲ್ಲ.

ಬಸವನಗುಡಿ ಓದುಗಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಎಡಿಸನ್ ಅಮ್ಮ, ನಿಮ್ಮ ರಂಗಪ್ರವೇಶದ ಮಾತು ಹಾಗೇ ಓದಿ ಹೇಳ್ದೆ, ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು "ಹಂಗಾದ್ರೆ ಬೆಟ್ ನಮ್ ಕ್ಲಾಸಲ್ಲಿ ಇದ್ದಿದ್ರೆ ಚೆನ್ನಾಗಿರ್ತಿದ್ಲೇನೋ" ಅಂದ್ಲು.

ಇನ್ನೆರಡು ಕೇಳ್ಬೇಕು. ನೆಟ್‌ಫ್ಲಿಕ್ಸ್‌ನಲ್ಲಿ ಸೀರೀಸ್ ಇದೆಯಂತೆ, ಅದನ್ನ ತೋರಿಸಬಹುದಾ? ಇನ್ನೊಂದು, ಜೂನ್ ತಿಂದಿದ್ದನ್ನ ವಾಂತಿ ಮಾಡೋ ಭಾಗಗಳು ನನಗೆ ಭಯ ಹುಟ್ಟಿಸಿದ್ವು. ಈ ವಯಸ್ಸಿನ ಮಕ್ಕಳ ಹತ್ರ ಇದನ್ನ ಹೇಗೆ ಮಾತಾಡೋದು?

ಲೈಬ್ರರಿ ಕಾರ್ಡ್:

ಸೀರೀಸ್ ಬೇಡ ಮೇಡಂ. 2020ರ ಡಿಸೆಂಬರಲ್ಲಿ ಬಂತು, ಒಂದೇ ಸೀಸನ್ನಿಗೆ ನಿಂತೋಯ್ತು. ಕತೆನ ಶಿಕಾಗೋಗೆ ತಗೊಂಡು ಹೋಗಿ ಕೆಲವು ಪಾತ್ರಗಳ ಹೆಸರೂ ಬದಲಾಯಿಸಿದಾರೆ, ದೊಡ್ಡೋರಿಗೆ ಅಂತ ಮಾಡಿರೋದು, ಒಂಬತ್ತನೇ ಕ್ಲಾಸಿನ ಮಗುಗಂತೂ ಅಲ್ಲ. ಬೇಕಿದ್ರೆ ಎರಡನೇ ಪುಸ್ತಕ ‘ಶೈನಿ ಬ್ರೋಕನ್ ಪೀಸಸ್’ ಕೊಡಿ, 2016ರದ್ದು, ಮೊದಲನೇದು ಅರ್ಧಕ್ಕೆ ಬಿಟ್ಟಿದ್ದು ಅಲ್ಲಿ ಮುಂದುವರಿಯುತ್ತೆ. ಅದನ್ನೂ ನೀವು ಮೊದಲು ಓದಿ.

ಎಡಿಸನ್ ಅಮ್ಮ:

ಜೂನ್ ವಿಷಯ ಖಂಡಿತ ಮಾತಾಡಿ, ಬಿಡಬೇಡಿ. ಇದು ಬ್ಯಾಲೆ ಮಕ್ಕಳಿಗೆ ಮಾತ್ರ ಬರೋದಲ್ಲ, ಆದ್ರೆ ಮೈ ಬದಲಾಗೋ ವಯಸ್ಸಿಗೇ ದಿನಾ ಕನ್ನಡಿ ಮುಂದೆ ನಿಲ್ಲೋದು ಒಂದೇ ಸಲ ಬಂದ್ರೆ ಕಷ್ಟ. "ನಿನಗೂ ಹೀಗಿದೆಯಾ" ಅಂತ ನೇರ ಕೇಳಿದ್ರೆ ಮಕ್ಕಳು ಬಾಯಿ ಮುಚ್ಕೋತಾರೆ. ನಾನು ಜೂನ್ ಬಗ್ಗೆನೇ ಕೇಳ್ದೆ, ಅವಳು ಇಷ್ಟು ದಿನ ಮುಚ್ಚಿಟ್ಕೊಂಡು ಇರಕ್ಕೆ ಹೇಗಾಯ್ತು, ಹಾಸ್ಟೆಲಲ್ಲಿ ಯಾರಿಗೆ ಹೇಳಬಹುದಿತ್ತು ಅಂತ, ಅಲ್ಲಿಂದ ಮಾತು ತಾನೇ ತನ್ನ ಕ್ಲಾಸಿನ ಕಡೆ ಬಂತು. ಊಟ ಆದ ತಕ್ಷಣ ಬಾತ್‌ರೂಮ್‌ಗೆ ಹೋಗೋದು, ಎಲ್ಲರ ಜೊತೆ ಕೂತು ಉಣ್ಣದೇ ಇರೋಕೆ ನೆಪ ಹೇಳೋದು, ಮುಟ್ಟು ನಿಲ್ಲೋದು, ಇವನ್ನ ಗಮನಿಸ್ತಿರಿ. ಕಂಡ್ರೆ ತಡ ಮಾಡ್ದೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಬೈಬೇಡಿ, ತಟ್ಟೆ ಮುಂದೆ ಕಾವಲು ಕೂರಬೇಡಿ. ನಿಮ್ಮ ಹುಡುಗಿ ಪುಸ್ತಕ ಓದಿ ನಿಮ್ಮ ಹತ್ರನೇ ಬಂದು ಕೇಳ್ತಿದಾಳಲ್ಲ, ನೀವೇ ಮಾತಾಡಿ, ಅಕ್ಕನಿಗೂ ಹೇಳಿಡಿ.